ಹೊಳೆಯ ಮಟ್ಟ, ಹೊಳೆಯ ಹರಿವು, ಕಡಲಿನ ಲೆಕ್ಕ

ಕಡಲಿಗೆ ಸಿಹಿನೀರು ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ: ಮಳೆ ಮತ್ತು ನದಿ. ಹೋಗುವ ದಾರಿ ಆವಿ. ವಿಜ್ಞಾನಿಗಳ ಅಂದಾಜಿನಂತೆ ವರ್ಷಕ್ಕೆ ಸುಮಾರು 4,13,000 ಘನ ಕಿಲೋಮೀಟರ್ ನೀರು ಕಡಲುಗಳಿಂದ ಆವಿಯಾಗುತ್ತದೆ. ಅದರಲ್ಲಿ 3,73,000ದಷ್ಟು ಮಳೆಯಾಗಿ ಕಡಲಿಗೇ ಬೀಳುತ್ತದೆ. ಉಳಿದ 40,000ದಷ್ಟು ನೆಲದ ಮೇಲೆ ಸುರಿದು, ಮುಖ್ಯವಾಗಿ ನದಿಗಳ ಮೂಲಕ ಹಿಂದಿರುಗುತ್ತದೆ.

ಯಾದಗಿರಿ ಜಿಲ್ಲೆ ಇರುವುದು ಈ ಮರುದಾರಿಯಲ್ಲಿ. ಅರಬ್ಬಿ ಸಮುದ್ರ ದಾಟಿ ಬಂದ ಮುಂಗಾರು ಮಹಾಬಳೇಶ್ವರ, ಭೀಮಾಶಂಕರದ ಘಟ್ಟಗಳಲ್ಲಿ ಸುರಿಯುತ್ತದೆ. ಆ ನೀರು ಸುರಪುರ, ಶಹಾಪುರದ ಸೀಮೆಯಲ್ಲಿ ಕೃಷ್ಣೆಯಾಗಿ, ಯಾದಗಿರಿಯ ಮಗ್ಗುಲಲ್ಲಿ ಭೀಮೆಯಾಗಿ ಹರಿದು, ರಾಯಚೂರಿನ ಗಡಿಯಲ್ಲಿ ಕೂಡಿ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಒಂದು ಕಡಲಿನಿಂದ ಬಂದದ್ದು ಇನ್ನೊಂದು ಕಡಲಿಗೆ ಸಾಗುವುದು ನಮ್ಮ ಸೇತುವೆಗಳ ಕೆಳಗೇ!

ಈ ನೀರನ್ನು ಅಳೆಯುವುದು ಹೇಗೆ? ಬಹಳ ಜನ ಎಡವುವುದು ಇಲ್ಲಿ. ಮೊದಲು ಕ್ಯೂಸೆಕ್ ಮತ್ತು ಟಿಎಂಸಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ಹರಿವಿನ ದರದ ಲೆಕ್ಕ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅದು ನೀರಿನ ಒಟ್ಟು ಮೊತ್ತದ ಲೆಕ್ಕ. ಕೃಷ್ಣೆಯ ನಾರಾಯಣಪುರ ಅಣೆಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಬಿಟ್ಟರೆ 8.64 ಟಿಎಂಸಿ. ಸುಮಾರು 33 ಟಿಎಂಸಿಯ ಅಲ್ಲಿನ ಜಲಾಶಯ ಬಸವಸಾಗರ, ಒಳಹರಿವು ಇಲ್ಲದಿದ್ದರೆ, ನಾಲ್ಕು ದಿನದೊಳಗೆ ಬರಿದಾಗುತ್ತದೆ.

ಎರಡನೆಯ ತಪ್ಪು ತಿಳಿವಳಿಕೆ ಇನ್ನೂ ಗಟ್ಟಿ. ಸೇತುವೆಯ ಕಂಬದ ಮೇಲಿನ ಗುರುತು ತೋರಿಸುವುದು ಹರಿವನ್ನಲ್ಲ, ನೀರಿನ ಮಟ್ಟವನ್ನು ಮಾತ್ರ. ಭೀಮೆಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಯಾದಗಿರಿಯಲ್ಲಿದೆ. ಇಂಥ ಕೇಂದ್ರಗಳಲ್ಲಿ ಹೊಳೆಯ ಅಗಲವನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯ ಆಳ ಮತ್ತು ವೇಗವನ್ನು ಅಳೆಯುತ್ತಾರೆ. ತಳದ ನೀರು ನಿಧಾನ, ಮೇಲಿನದು ಚುರುಕು. ಆದ್ದರಿಂದ ನೀರಿನ ವೇಗ ಅಳೆಯುವ ಕರೆಂಟ್ ಮೀಟರನ್ನು ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಭಾಗ ಕೆಳಗಿಳಿಸಿದರೆ ಸರಾಸರಿ ವೇಗ ಸಿಗುತ್ತದೆ. ಅಗಲ, ಆಳ, ವೇಗ ಗುಣಿಸಿ ಎಲ್ಲ ಪಟ್ಟಿಗಳನ್ನು ಕೂಡಿಸಿದರೆ ಹರಿವು. ಬೇರೆ ಬೇರೆ ಮಟ್ಟಗಳಲ್ಲಿ ಹೀಗೆ ಅಳೆದು ಒಂದು ವಕ್ರರೇಖೆ ಎಳೆದ ಮೇಲೆ, ಮಟ್ಟ ನೋಡಿ ಹರಿವು ಹೇಳಬಹುದು.

ಆದರೆ ಆ ರೇಖೆ ಶಾಶ್ವತವಲ್ಲ. ಪ್ರವಾಹ ಹೂಳು ತುಂಬಿದರೆ, ಮರಳು ತೆಗೆದರೆ ನದಿಯ ಪಾತ್ರ ಬದಲಾಗುತ್ತದೆ. ರೇಖೆಯನ್ನು ಮತ್ತೆ ಎಳೆಯಬೇಕು. ಇನ್ನೂ ಸೊಗಸಾದ ಸಂಗತಿ ಒಂದಿದೆ: ಮಟ್ಟ ಒಂದೇ ಇದ್ದರೂ, ಹೊಳೆ ಏರುವಾಗ ಹರಿವು ಹೆಚ್ಚು, ಇಳಿಯುವಾಗ ಕಡಿಮೆ. ಏರುವ ಪ್ರವಾಹಕ್ಕೆ ಮುಂದಿನ ಇಳಿಜಾರು ಕಡಿದಾಗಿರುವುದೇ ಇದಕ್ಕೆ ಕಾರಣ. ಕೊಳ್ಳೂರು ಸೇತುವೆಯ ಬಳಿ ಕೃಷ್ಣೆ ಉಕ್ಕುವ ದಿನಗಳಲ್ಲಿ ಇದನ್ನು ನೆನೆಯಿರಿ.

ನದಿ ಕಡಲು ಸೇರುವಲ್ಲೇ ಏಕೆ ಅಳೆಯಬಾರದು? ಅಲ್ಲಿ ಉಬ್ಬರದ ನೀರು ಹಿಂದಕ್ಕೆ ನುಗ್ಗುತ್ತದೆ. ಹಾಗಾಗಿ ಕೃಷ್ಣೆಯ ಕೊನೆಯ ನಂಬಲರ್ಹ ಲೆಕ್ಕ ವಿಜಯವಾಡದ್ದು. ಆದರೆ ನದಿಯ ನೀರೆಲ್ಲ ಅಲ್ಲಿಗೆ ತಲುಪದು: ಕಾಲುವೆ ಸೇರಿದ ನೀರಿನ ಬಹುಪಾಲು ಭತ್ತ, ಹತ್ತಿಯ ಹೊಲಗಳಿಂದಲೇ ಆವಿಯಾಗುತ್ತದೆ. 2000ದ ದಶಕದ ಆರಂಭದ ಬರದ ವರ್ಷಗಳಲ್ಲಂತೂ ಕೃಷ್ಣೆಯಿಂದ ಕಡಲಿಗೆ ಹೆಚ್ಚುಕಡಿಮೆ ಏನೂ ಹೋಗಲಿಲ್ಲ.

ಕಡಲಿನ ಮೇಲೆ ಎಲ್ಲೆಡೆ ಮಳೆಮಾಪಕ ನೆಡಲಾಗದು. ಅಲ್ಲಿ ಉಪ್ಪೇ ಸಾಕ್ಷಿ. ಸಿಹಿನೀರು ಬಂದರೆ ಲವಣಾಂಶ ಇಳಿಯುತ್ತದೆ, ಆವಿಯಾದರೆ ಏರುತ್ತದೆ. ಅರಬ್ಬಿ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯ ಮೇಲ್ಪದರ ಕಡಿಮೆ ಉಪ್ಪು. ಉಪಗ್ರಹಗಳು ಮೇಲ್ಮೈಯ ಉಪ್ಪನ್ನು ಮಾತ್ರ ಓದಬಲ್ಲವು. 2,000 ಮೀಟರ್ ಆಳಕ್ಕಿಳಿದು ಹತ್ತು ದಿನಕ್ಕೊಮ್ಮೆ ಮೇಲೆದ್ದು ವರದಿ ಕಳಿಸುವ ಆರ್ಗೊ ತೇಲುಯಂತ್ರಗಳು ಒಳಗಿನದನ್ನು ತಿಳಿಸುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಕಾಯಿಸ್ ಈ ಕೆಲಸದಲ್ಲಿ ತೊಡಗಿದೆ. ನದಿ, ಮಳೆಗಳ ನೀರಿನಿಂದಾದ ಕೊಲ್ಲಿಯ ಹಗುರ ಸಿಹಿಪದರ ಕೆಳಗಿನ ತಣ್ಣೀರು ಮೇಲೇರದಂತೆ ತಡೆದು ಮೇಲ್ಮೈಯನ್ನು ಬೆಚ್ಚಗಿಡುತ್ತದೆ. ಚಂಡಮಾರುತಗಳೂ ಮುಂಗಾರಿನ ಮಳೆಮೋಡಗಳೂ ಬಲ ಪಡೆಯುವುದು ಆ ಬಿಸಿಯಿಂದ. ನದಿಗಳ ಲೆಕ್ಕ ತಪ್ಪಿದರೆ ಮಳೆಯ ಲೆಕ್ಕವೂ ಕೆಡುತ್ತದೆ.

ಆದ್ದರಿಂದ ಜಿಲ್ಲೆಯ ಶಿಕ್ಷಕರಲ್ಲಿ ಒಂದು ವಿನಂತಿ. ಒಂದು ಮಳೆಗಾಲ ಪೂರ್ತಿ, ಪ್ರಕಟವಾಗುವ ಕ್ಯೂಸೆಕ್ ಮತ್ತು ನದಿಮಟ್ಟವನ್ನು ಮಕ್ಕಳಿಂದ ದಿನವೂ ಬರೆಸಿ, ನಕ್ಷೆ ಎಳೆಸಿ. ಜಲವಿಜ್ಞಾನ, ಸಾಗರವಿಜ್ಞಾನ ಎಂಬ ಓದುಗಳಿವೆ ಎಂದು ಅವರಿಗೆ ತಿಳಿಸಿ. ಎರಡು ದೊಡ್ಡ ನದಿಗಳ ಈ ಜಿಲ್ಲೆಗೆ ನೀರನ್ನು ಅಳೆಯಬಲ್ಲ ಮಕ್ಕಳು ಬೇಕು.