ಆರು ಮಂದಿಯ ಪಡೆ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮಗಳು ತನ್ನ ಮಗನೊಡನೆ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿಳಿದಾಗ, ತಾಯಿ ಮಗನ ನಡುವೆ ಮಾತು ನಿಂತುಹೋಗಿದ್ದಿತು. ವಿಚಾರಿಸಲಾಗಿ, ಹುಡುಗನ ಕೈಚೀಲದಲ್ಲಿದ್ದ ಒಂದು ಆಟದ ಯಂತ್ರವೇ ಇದಕ್ಕೆ ಕಾರಣವೆಂದು ತಿಳಿದುಬಂದಿತು. ಹದಿಮೂರರ ಬಾಲಕನು ತನ್ನ ಗೆಳೆಯರೊಡನೆ ಪೋಕೆಮಾನ್ ಎಂಬ ಆಟವನ್ನಾಡಿ, ಒಂದೇ ಸಮನೆ ಹನ್ನೊಂದು ಸಲ ಸೋತು, ಎರಡು ಹೊತ್ತು ಊಟ ಬಿಟ್ಟಿದ್ದನಂತೆ. ಯಂತ್ರವನ್ನು ಮಾರಿಬಿಡಬೇಕೆಂದು ತಾಯಿಯ ಹಟ; ಇನ್ನು ಒಂದು ತಿಂಗಳಿಗೆ ಗೆಳೆಯರ ಪಂದ್ಯವಿದೆ, ಅಲ್ಲಿಯವರೆಗಾದರೂ ಬಿಡಬೇಕೆಂದು ಮಗನ ಹಟ. ವ್ಯಾಜ್ಯವು ನನ್ನ ಮುಂದೆ ಬಂದಿತು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಜಗಳಗಳನ್ನು ತೀರಿಸಿ ಬಂದವನಾದರೂ, ವಿಷಯವನ್ನರಿಯದೆ ತೀರ್ಪು ಹೇಳಲು ನನಗೆ ಮನಸ್ಸಾಗಲಿಲ್ಲ. “ಮೊದಲು ಈ ಆಟವನ್ನು ನನಗೆ ಕಲಿಸು, ಮಾರುವ ಮಾತು ಆಮೇಲೆ” ಎಂದೆನು. ಹುಡುಗನು ಮೂರು ದಿನಗಳ ಮೇಲೆ ಮೊದಲ ಸಲ ನಕ್ಕನು.

ಈ ಆಟದ ಹುಟ್ಟೂರು ಜಪಾನು. ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಡುವ ಹವ್ಯಾಸವಿದ್ದ ಸತೋಶಿ ತಜಿರಿ ಎಂಬವರು, ಆ ಸಂತೋಷವನ್ನು ನಗರದ ಮಕ್ಕಳಿಗೂ ಉಣಿಸಬೇಕೆಂದು ಇದನ್ನು ಕಲ್ಪಿಸಿದರು. 1996ನೆಯ ಫೆಬ್ರವರಿ 27ರಂದು ಇದು ಅಲ್ಲಿ ಮಾರಾಟಕ್ಕೆ ಬಂದಿತು. ಆಗ ಇದರಲ್ಲಿದ್ದ ವಿಚಿತ್ರ ಪ್ರಾಣಿಗಳು 151. ಈಗ ಆ ಸಂಖ್ಯೆ ಸಾವಿರವನ್ನು ದಾಟಿದೆ. ನನ್ನ ಮನೆಯಾಕೆ ಇವುಗಳನ್ನೆಲ್ಲ ಒಟ್ಟಾಗಿ ‘ಭೂತಗಳು’ ಎನ್ನುತ್ತಾಳೆ. ಆ ಹೆಸರು ಅಷ್ಟೇನೂ ತಪ್ಪಲ್ಲ. ಕಾಡುಮೇಡು ಅಲೆದು ಅವುಗಳನ್ನು ಹಿಡಿಯುವುದು ಆಟದ ಒಂದು ಭಾಗ. ಅದು ಎಳೆಯ ಮಕ್ಕಳಿಗೂ ಸಾಧ್ಯ. ಹಿಡಿದವುಗಳಲ್ಲಿ ಆರನ್ನು ಆರಿಸಿ, ಪಡೆ ಕಟ್ಟಿ, ಇನ್ನೊಬ್ಬ ಮನುಷ್ಯನ ಆರರ ಮೇಲೆ ಕಾದುವುದು ಎರಡನೆಯ ಭಾಗ. ನಮ್ಮ ಹುಡುಗನ ಅನ್ನವನ್ನು ಬಿಡಿಸಿದುದು ಇದೇ.

ಪಂದ್ಯದ ನಿಯಮವು ಹೀಗಿರುವುದು. ಎರಡು ಪಕ್ಷದವರೂ ತಮ್ಮ ಆರನ್ನು ಮೊದಲೇ ತೋರಿಸಬೇಕು. ಒಂದೂವರೆ ನಿಮಿಷದೊಳಗೆ ಎದುರಾಳಿಯ ಪಡೆಯನ್ನು ನೋಡಿಕೊಂಡು, ತನ್ನ ಆರರಲ್ಲಿ ನಾಲ್ಕನ್ನು ಮಾತ್ರ ಆರಿಸಿಕೊಳ್ಳಬೇಕು. ಕಣದಲ್ಲಿ ಒಂದು ಹೊತ್ತಿಗೆ ಎರಡೆರಡು ನಿಲ್ಲುವುವು. ಉಳಿದೆರಡು ಹಿಂದೆ ಕಾದಿರುವುವು. ಒಂದೊಂದಕ್ಕೂ ನಾಲ್ಕೇ ಪಟ್ಟುಗಳು, ಕೈಯಲ್ಲಿ ಒಂದೇ ಸಾಮಾನು. ಒಂದರ ಕೈಯಲ್ಲಿರುವ ಸಾಮಾನು ಇನ್ನೊಂದರ ಕೈಯಲ್ಲಿರಕೂಡದು. ಎಲ್ಲವೂ ಐವತ್ತನೆಯ ಮೆಟ್ಟಲಿನವೇ. ಆದುದರಿಂದ ವಯಸ್ಸಿನ ಬಲ, ದುಡ್ಡಿನ ಬಲ ಇಲ್ಲಿ ಹೆಚ್ಚು ನಡೆಯದು. ಇದನ್ನು ಕೇಳುವಾಗ ನನಗೆ ಕೌಟಿಲ್ಯನ ನೆನಪಾಗದೆ ಹೋಗಲಿಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚುಹಾಕಿಸಿದ ಆ ಅರ್ಥಶಾಸ್ತ್ರದಲ್ಲಿ, ವ್ಯೂಹದ ಹಿಂದೆ ಕಾದಿರುವ ದಂಡಿಗೆ ‘ಪ್ರತಿಗ್ರಹ’ವೆಂದು ಹೆಸರು. ಹಿಂದೆ ನಿಂತ ಆ ಎರಡು ಪ್ರಾಣಿಗಳನ್ನು ನಾನು ಪ್ರತಿಗ್ರಹವೆಂದೇ ಕರೆಯತೊಡಗಿದೆನು. ಹುಡುಗನೂ ಅದನ್ನು ಕಲಿತುಕೊಂಡನು.

ಇನ್ನು ಅವನ ಪಡೆಯನ್ನು ನೋಡೋಣ. ಗಾರ್ಚಾಂಪ್, ಡ್ರ್ಯಾಗನೈಟ್, ಸಾಲಮೆನ್ಸ್ ಎಂಬ ಮೂರು ಘಟಸರ್ಪಗಳು. ಟೈರಾನಿಟಾರ್ ಎಂಬ ಶಿಲಾರಾಕ್ಷಸ. ಗ್ಯಾರಡೋಸ್ ಎಂಬ ಕಡಲ ಹಾವು. ಆರನೆಯದು ಟಾರ್ಕೋಲ್, ಬೆನ್ನಿನ ಚಿಪ್ಪಿನಿಂದ ಹೊಗೆಯಾಡುವ ಒಂದು ಆಮೆ. ಮೊದಲ ಐದೂ ಮಹಾವೀರರು. ಆಮೆ ಮಾತ್ರ ಏಕೆಂದರೆ, ಏಳನೆಯ ವಯಸ್ಸಿನಿಂದ ಅದು ಅವನ ಮೆಚ್ಚಿನ ಪ್ರಾಣಿ. ಗೆಳೆಯರೆಲ್ಲ “ಸೋಲುವುದು ಆ ಆಮೆಯಿಂದಲೇ, ಬಿಟ್ಟುಬಿಡು” ಎಂದು ಹೇಳುತ್ತಿದ್ದರಂತೆ. ಅವನ ದುಃಖದ ಬೇರು ಸೋಲಿನಲ್ಲಿರಲಿಲ್ಲ, ಈ ಮಾತಿನಲ್ಲಿದ್ದಿತು.

ಪ್ರಾಣಿಗಳಿಗೆ ಅಗ್ನಿ, ಜಲ, ತೃಣ, ವಿದ್ಯುತ್ತು, ಹಿಮ, ಭೂಮಿ ಮೊದಲಾದ ಹದಿನೆಂಟು ತತ್ತ್ವಗಳುಂಟು. ಹುಡುಗರು ಇದನ್ನು ಟೈಪ್ ಎನ್ನುವರು. ನೀರು ಬೆಂಕಿಯನ್ನು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು ಗೆಲ್ಲುವುದು. ಭೂಮಿಗೆ ವಿದ್ಯುತ್ತು ತಟ್ಟುವುದೇ ಇಲ್ಲ. ಗೆಲ್ಲುವ ತತ್ತ್ವದ ಏಟು ಇಮ್ಮಡಿ. ಪ್ರಾಣಿಗೆ ಎರಡು ತತ್ತ್ವಗಳಿದ್ದು ಎರಡೂ ಆ ಏಟಿಗೆ ಸೋಲುವುವಾದರೆ ನಾಲ್ಮಡಿ. ನಾನು ಹಳೆಯ ಹಾಜರಿ ಪುಸ್ತಕವೊಂದರ ಬರೆಯದ ಹಾಳೆಯಲ್ಲಿ ಗೆರೆಗಳನ್ನೆಳೆದು, ಅವನ ಆರನ್ನೂ ಹದಿನೆಂಟು ತತ್ತ್ವಗಳಿಗೆ ಎದುರಾಗಿ ಬರೆಸಿದೆನು. ಬರೆಯುತ್ತ ಬರೆಯುತ್ತ ಹುಡುಗನ ಕೈ ನಿಂತಿತು. ಮೂರು ಘಟಸರ್ಪಗಳಿಗೂ ಹಿಮದ ಏಟು ನಾಲ್ಮಡಿ! ಶತ್ರುವಿನಲ್ಲಿ ಹಿಮದ ಪಟ್ಟು ಬಲ್ಲ ಪ್ರಾಣಿ ಒಂದಿದ್ದರೆ ಸಾಕು, ಅರ್ಧ ಸೈನ್ಯ ಮಣ್ಣುಗೂಡುವುದು.

ಅಷ್ಟೇ ಆಗಿದ್ದರೆ ಸರಿಪಡಿಸಬಹುದಾಗಿತ್ತು. ಒಳಜಗಳ ಅದಕ್ಕಿಂತ ಕೆಟ್ಟುದಾಗಿದ್ದಿತು. ಆಮೆ ಕಣಕ್ಕಿಳಿದೊಡನೆ ಉರಿಬಿಸಿಲು ಬೀಳುವುದು. ಬಿಸಿಲಿನಲ್ಲಿ ಬೆಂಕಿಯ ಬಲ ಒಂದೂವರೆಪಟ್ಟಾಗಿ, ನೀರಿನ ಬಲ ಅರ್ಧಕ್ಕಿಳಿಯುವುದು. ಅಂದರೆ ಪಕ್ಕದಲ್ಲೇ ನಿಂತಿರುವ ಗ್ಯಾರಡೋಸನ ಜಲಾಯುಧವನ್ನು ಸ್ವಪಕ್ಷದ ಆಮೆಯೇ ಮುರಿದಂತಾಯಿತು. ಹೋಗಲಿ ಎಂದರೆ, ಶಿಲಾರಾಕ್ಷಸನು ಬಂದೊಡನೆ ಮರಳುಗಾಳಿ ಎದ್ದು ಆಮೆಯ ಬಿಸಿಲನ್ನು ಅಳಿಸಿಬಿಡುವುದು. ಹನ್ನೊಂದು ಸಲವೂ ಇವರು ತಮ್ಮೊಳಗೇ ಕಾದಿದ್ದರು. ಶತ್ರುವಿಗೆ ಉಳಿದ ಕೆಲಸ ಸ್ವಲ್ಪವೇ.

ನಮ್ಮ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಕಂಡ ವಾಚಕರಿಗೆ ಈ ಮಾತು ಹೊಸದಾಗಿ ತೋರಲಾರದು. ಹಳ್ಳಿಕಾರ್ ಎತ್ತು ಕೊಳ್ಳಲು ಬಂದ ಒಕ್ಕಲಿಗನು ಜಾತ್ರೆಯಲ್ಲೆಲ್ಲ ಬಲವಾದ ಎತ್ತು ಯಾವುದೆಂದು ಹುಡುಕುವುದಿಲ್ಲ. ಮನೆಯಲ್ಲಿ ಉಳಿದಿರುವ ಒಂಟಿ ಎತ್ತಿಗೆ ಎತ್ತರದಲ್ಲಿ, ನಡಿಗೆಯಲ್ಲಿ ಹೊಂದುವುದು ಯಾವುದು, ಅದು ನೊಗದ ಎಡಕ್ಕೆ ಒಗ್ಗಿದುದೋ ಬಲಕ್ಕೋ ಎಂದು ನೋಡುವನು. ಒಂದರ ಹೆಜ್ಜೆ ಉದ್ದ, ಇನ್ನೊಂದರದು ಗಿಡ್ಡವಾದರೆ ಬಂಡಿ ಸೊಟ್ಟಗೆ ಹೋಗುವುದು.

ಹೀಗೆ ಹೇಳುವ ನಾನು ಈ ವಿಷಯದಲ್ಲಿ ಶುದ್ಧನೇನಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ ಹೊಸಕೋಟೆಯ ಕಡೆಯ ಒಂದು ಶಾಲೆಯಲ್ಲಿದ್ದಾಗ ಕಬಡ್ಡಿ ತಂಡವನ್ನಾರಿಸುವ ಕೆಲಸ ನನ್ನ ಪಾಲಿಗೆ ಬಂದಿದ್ದಿತು. ನಾನು ದಾಳಿಯಲ್ಲಿ ಗಟ್ಟಿಗರಾದ ಏಳು ಮಂದಿಯನ್ನೇ ಕಣಕ್ಕಿಳಿಸಿದೆನು. ದಾಳಿಗೆ ಹೋಗಲು ಹೆದರುತ್ತಿದ್ದ, ಆದರೆ ಬಂದವನ ಕಾಲನ್ನು ಹಿಡಿದರೆ ಬಿಡದಿದ್ದ ಒಬ್ಬ ಕುಳ್ಳ ಹುಡುಗನನ್ನು ಹೊರಗೆ ಕೂರಿಸಿದೆನು. ಅಂದು ನಮ್ಮವರು ತಂದ ಅಂಕಗಳಿಗಿಂತ ಬಿಟ್ಟುಕೊಟ್ಟ ಅಂಕಗಳೇ ಹೆಚ್ಚಾದುವು. ಆ ಹುಡುಗನು ಆಮೇಲೆ ವರ್ಷವೆಲ್ಲ ಆಟದ ಬಯಲಿಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಇದನ್ನು ಮೊಮ್ಮಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಾತ, ಆಮೆಯನ್ನು ಇಟ್ಟುಕೊಂಡು ಉಳಿದದ್ದನ್ನು ಬದಲಾಯಿಸೋಣವೇ?” ಎಂದನು. ಪಡೆ ಕಟ್ಟುವ ಕೆಲಸ ನಿಜವಾಗಿ ಮೊದಲಾದುದು ಆ ಘಳಿಗೆಯಲ್ಲಿ.

ಆಮೆಯ ದೋಷ ಅದರ ಜಾಡ್ಯ. ಚುರುಕಿನ ಲೆಕ್ಕದಲ್ಲಿ ಗಾರ್ಚಾಂಪಿಗೆ 169ರವರೆಗೆ ಏರಲು ಸಾಧ್ಯವಾದರೆ, ಆಮೆಯದನ್ನು 22ಕ್ಕೂ ಇಳಿಸಬಹುದು. ಯಾರ ಸಂಖ್ಯೆ ಹೆಚ್ಚೋ ಅವರ ಏಟು ಮೊದಲು. ಆಮೆಯ ಮುಖ್ಯಾಯುಧವಾದ ಜ್ವಾಲಾಮುಖಿಯ ಪಟ್ಟಿಗಾದರೋ, ತನ್ನ ಪ್ರಾಣ ಪೂರ್ಣವಾಗಿರುವಾಗ 150ರ ಬಲ. ಪ್ರಾಣ ಅರ್ಧವಾದರೆ ಬಲವೂ ಅರ್ಧ. ಕೊನೆಯಲ್ಲಿ ಏಟು ಹಾಕುವವನಿಗೆ ಪ್ರಾಣ ಪೂರ್ಣವಾಗಿ ಉಳಿದಿರುವುದೆಲ್ಲಿ ಬಂತು? ಇದಕ್ಕೆ ಆಟದಲ್ಲೇ ಒಂದು ಮದ್ದುಂಟು. ಟ್ರಿಕ್ ರೂಮ್ ಎಂಬ ಪಟ್ಟನ್ನು ಹಾಕಿದರೆ, ಹಾಕಿದ ಸುತ್ತೂ ಸೇರಿ ಐದು ಸುತ್ತುಗಳವರೆಗೆ ಕಾಲಗತಿಯೇ ತಿರುಗಿ, ನಿಧಾನಿಯು ಮೊದಲು, ಚುರುಕಿನವನು ಕೊನೆಗೆ. ಆಗ 22 ಎಂಬುದು ದೋಷವಲ್ಲ, ಗುಣ. ಹುಟ್ಟಿನಿಂದಲೇ ಚುರುಕು ಸೊನ್ನೆಯಾಗಿರುವ ಆಮೆಯನ್ನು ಹುಡುಕಿ ಸಾಕುವ ಆಟಗಾರರೂ ಇದ್ದಾರೆಂದು ಕೇಳಿ ನನ್ನ ಮನೆಯಾಕೆ ಬಹಳ ನಕ್ಕಳು.

ಆ ಪಟ್ಟನ್ನು ಹಾಕಲು ಫಾರಿಗಿರಾಫ್ ಎಂಬ ಜಿರಾಫೆಯನ್ನು ಸೇರಿಸಿಕೊಂಡೆವು. ಟ್ರಿಕ್ ರೂಮ್ ಸುತ್ತಿನ ಕಟ್ಟಕಡೆಯಲ್ಲಿ ನಡೆಯುವುದರಿಂದ, ಅಲ್ಲಿಯವರೆಗೆ ಜಿರಾಫೆಯು ಬದುಕಿರಬೇಕು. ಮೊದಲ ಕ್ಷಣದಲ್ಲೇ ಬೆಚ್ಚಿಬೀಳಿಸುವ ಶತ್ರುವಿನ ಚಪ್ಪಾಳೆಯೇಟು ಮೊದಲಾದುವು ತನ್ನ ಕಡೆಯವರಿಗೆ ತಟ್ಟದಂತೆ ತಡೆಯುವ ಗುಣ ಜಿರಾಫೆಯ ಬಾಲಕ್ಕುಂಟು. ಉಳಿದ ಏಟುಗಳನ್ನು ತನ್ನ ಕಡೆಗೆ ಸೆಳೆದುಕೊಳ್ಳಲು ಅಮೂಂಗಸ್ ಎಂಬ ಅಣಬೆಯೊಂದು ಬಂದಿತು. ಅಣಬೆ ಯಾರನ್ನೂ ಕೊಲ್ಲುವುದಿಲ್ಲವೆಂಬುದೇ ಹುಡುಗನ ಆಕ್ಷೇಪ. ಆಗ ಅವನೇ ಒಂದು ಕಥೆಯನ್ನು ನೆನಪಿಸಿಕೊಂಡು ತನ್ನ ಆಕ್ಷೇಪವನ್ನು ತಾನೇ ಹಿಂದೆಗೆದುಕೊಂಡನು.

2014ರಲ್ಲಿ ಅಮೆರಿಕೆಯ ವಾಷಿಂಗ್ಟನ್ನಿನಲ್ಲಿ ನಡೆದ ಈ ಆಟದ ಜಗತ್ಪಂದ್ಯದಲ್ಲಿ ದಕ್ಷಿಣ ಕೊರಿಯದ ಸೇಜುನ್ ಪಾರ್ಕ್ ಎಂಬವರು ಗೆದ್ದರು. ಅವರ ಪಡೆಯಲ್ಲಿ ಗ್ಯಾರಡೋಸ್, ಗಾರ್ಚಾಂಪ್ ಮೊದಲಾದ ದೈತ್ಯರ ನಡುವೆ ಪಾಚಿರಿಸು ಎಂಬ, 3.9 ಕಿಲೋಗ್ರಾಂ ತೂಕದ ಒಂದು ಅಳಿಲಿದ್ದಿತು! ಪಂದ್ಯಗಳಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಗ್ಯಾರಡೋಸಿಗೆ ಮಿಂಚೆಂದರೆ ಮೃತ್ಯು. ಅಳಿಲಿಗೋ ಮಿಂಚು ತಗುಲಿದರೆ ಕಳೆದ ಪ್ರಾಣವೇ ಮರಳುವುದು. ಶತ್ರುಗಳ ಏಟನ್ನು ತನ್ನತ್ತ ಕರೆದುಕೊಳ್ಳುವ ಪಟ್ಟನ್ನು ಬಲ್ಲ ಆ ಅಳಿಲು, ದೈತ್ಯನ ಪಕ್ಕದಲ್ಲಿ ನಿಂತು ಮಿಂಚನ್ನೆಲ್ಲ ಕುಡಿದುಬಿಡುತ್ತಿದ್ದಿತು. ಅಳಿಲುಸೇವೆಯೆಂಬ ಮಾತನ್ನು ನಾವು ವಿನಯಕ್ಕಾಗಿ ಆಡುತ್ತೇವೆ. ಅಲ್ಲಿ ಅದರಿಂದ ಜಗತ್ಪ್ರಶಸ್ತಿಯೇ ಬಂದಿತು.

ಲೆಕ್ಕದ ಭಾಗವೇ ನನಗೆ ಎಲ್ಲಕ್ಕಿಂತ ರುಚಿಸಿದುದು. ಒಂದೊಂದು ಪ್ರಾಣಿಗೂ ಪ್ರಾಣ, ಹೊಡೆತ, ತಡೆತ, ಚುರುಕು ಮೊದಲಾದ ಆರು ಶಕ್ತಿಗಳು. ಅವುಗಳಿಗೆ ಹಂಚಲು ಒಟ್ಟು 510 ಅಭ್ಯಾಸದ ಅಂಶಗಳು, ಒಂದೇ ಶಕ್ತಿಗೆ 252ನ್ನು ಮೀರಕೂಡದು. ಇದರ ಮೇಲೆ ಇಪ್ಪತ್ತೈದು ಬಗೆಯ ಸ್ವಭಾವಗಳು. ಅವುಗಳಲ್ಲಿ ಹೆಚ್ಚಿನವು ಒಂದು ಶಕ್ತಿಯನ್ನು ಹತ್ತರಲ್ಲೊಂದು ಪಾಲು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುವುವು. ನಮ್ಮ ಹುಡುಗನು ತನ್ನ ಗಾರ್ಚಾಂಪಿಗೆ ಹೊಡೆತವನ್ನೇರಿಸುವ ಸ್ವಭಾವವನ್ನು ಕೊಟ್ಟಿದ್ದನು. ಅದರಿಂದ ಚುರುಕು 154ಕ್ಕೆ ನಿಂತಿದ್ದಿತು. ಗೆಳೆಯನೊಬ್ಬನ ಚಾರಿಜಾರ್ಡ್ ಎಂಬ ಅಗ್ನಿಪಕ್ಷಿಯ ಚುರುಕು 167. ಅದು ಪ್ರತಿಸಲವೂ ಮೊದಲೆದ್ದು ಸುಟ್ಟುಹಾಕುತ್ತಿದ್ದಿತು. ಚುರುಕಿನ ಸ್ವಭಾವವನ್ನು ಕೊಟ್ಟರೆ ಗಾರ್ಚಾಂಪಿನದು 169, ಅಂದರೆ ಎರಡೇ ಅಂಶ ಮುಂದೆ. “ಆದರೆ ಆಗ ಹೊಡೆತ ಸಾಲುವುದಿಲ್ಲ, ತಾತ” ಎಂದನು. ಸಾಲದೇ ಎಂದು ಇಬ್ಬರೂ ಕುಳಿತು ಗುಣಿಸಿದೆವು. ತಡೆತಕ್ಕೇನೂ ಖರ್ಚುಮಾಡದ ಆ ಪಕ್ಷಿಯ ಪ್ರಾಣ 153. ಅದಕ್ಕೆ ಬಂಡೆಯ ಏಟು ನಾಲ್ಮಡಿ. ಇಬ್ಬರ ಮೇಲೂ ಒಟ್ಟಿಗೆ ಬೀಳುವ ಪಟ್ಟಾದುದರಿಂದ ಕಾಲುಭಾಗ ವಜಾ. ದೈವ ಎಷ್ಟೇ ಪ್ರತಿಕೂಲವಾದರೂ ಏಟಿನ ಬಲ 156ಕ್ಕೆ ಕಡಿಮೆಯಾಗದು! ಮೂರೇ ಅಂಶ ಹೆಚ್ಚು, ಆದರೆ ಸಾಕು. ಅವನು ಕೂಡಿಟ್ಟಿದ್ದ ಹೆಚ್ಚಿನ ಬಲವೆಲ್ಲ, ಸತ್ತ ಹಾವನ್ನು ಬಡಿಯಲು ಇಟ್ಟುಕೊಂಡ ಬಡಿಗೆಯಾಗಿದ್ದಿತು. ಗಣಿತದಲ್ಲಿ ಅಷ್ಟಕ್ಕಷ್ಟೇ ಆದ ಬಾಲಕನು ಅಂದು ರಾತ್ರಿ ಹತ್ತು ಗಂಟೆಯವರೆಗೂ ಭಾಗಾಕಾರ ಮಾಡಿದುದನ್ನು ಅವನ ತಾಯಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ.

ಶತ್ರುಗಳಲ್ಲಿ ಬಹಳ ಮಂದಿ ಇನ್ಸಿನರೋರ್ ಎಂಬ ಹುಲಿಯನ್ನಿಟ್ಟುಕೊಳ್ಳುವರು. ಅದರ ಗರ್ಜನೆಗೆ ಎದುರಿನವರ ಹೊಡೆತ ಮೂರರಲ್ಲೆರಡು ಪಾಲಿಗೆ ಕುಗ್ಗುವುದು. ಆಗ ನಮ್ಮ 156ರ ಲೆಕ್ಕ ತಲೆಕೆಳಗು, ಎಷ್ಟು ಹೊಡೆದರೂ 124ನ್ನು ದಾಟದು. ಇದಕ್ಕೆ ಪ್ರತಿಯಾಗಿ ಕಿಂಗ್ಯಾಂಬಿಟ್ ಎಂಬ ಉಕ್ಕಿನ ಭಟನನ್ನು ತಂದೆವು. ಇವನನ್ನು ಬೆದರಿಸಿ ಒಂದು ಮೆಟ್ಟಲು ಇಳಿಸಿದರೆ ಇವನು ಸಿಟ್ಟಿಗೆದ್ದು ಎರಡು ಮೆಟ್ಟಲು ಏರುವನು. ಆರನೆಯ ಸ್ಥಾನಕ್ಕೆ ನಾವೂ ಒಂದು ಹುಲಿಯನ್ನೇ ಇಡೋಣವೆಂದು ಹುಡುಗನ ಆಸೆ. ಹಾಜರಿ ಹಾಳೆಯಲ್ಲಿ ಬರೆದು ನೋಡಲಾಗಿ ಆಮೆ, ಹುಲಿ, ಉಕ್ಕಿನ ಭಟ ಮೂವರಿಗೂ ಭೂಮಿಯ ಏಟು ಮಾರಕವೆಂದು ಕಂಡಿತು. ಹಿಮದ ಹಳ್ಳದಿಂದೆದ್ದು ಮಣ್ಣಿನ ಹಳ್ಳಕ್ಕೆ ಬೀಳುವುದರಲ್ಲಿದ್ದೆವು. ಹಾರುವ ಪ್ರಾಣಿಗೆ ಭೂಕಂಪ ತಟ್ಟದಷ್ಟೆ. ಆದುದರಿಂದ ಹಳೆಯ ಡ್ರ್ಯಾಗನೈಟನೇ ಮರಳಿ ಬಂದನು. ಹಿಮದ ಭಯ ಪೂರ್ತಿ ಹೋಗಲಿಲ್ಲ. ಅಣಬೆಗೂ ಹಿಮ ಆಗದು. ಆದರೆ ಹಿಮವನ್ನು ಸಹಿಸಿ ತಿರುಗಿ ಸುಡಲು ಆಮೆ ಇದೆಯಲ್ಲ! ಯಾವ ದೋಷವೂ ಇಲ್ಲದ ಆರನ್ನು ಹುಡುಕುತ್ತ ನಾವು ಒಂದು ವಾರವನ್ನು ಕಳೆದೆವು. ಸಾವಿರದಲ್ಲಿ ಅಂಥ ಆರು ಸಿಕ್ಕುವುದಿಲ್ಲ.

ಮನೆಗಳಲ್ಲಿ ಈ ಹಂಬಲವಿರುವ ಮಕ್ಕಳಿದ್ದರೆ ತಂದೆತಾಯಿಗಳಿಗೆ ಒಂದು ಮಾತು. ಯಂತ್ರದ ಬೆಲೆ ನಮ್ಮಂಥವರಿಗೆ ಸಣ್ಣದಲ್ಲ. ಆದರೆ ಪೋಕೆಮಾನ್ ಶೋಡೌನ್ ಎಂಬ ತಾಣದಲ್ಲಿ ಕಾಸು ಖರ್ಚಿಲ್ಲದೆ ಸಾಧಾರಣ ಕಂಪ್ಯೂಟರಿನಲ್ಲೇ ಪಡೆ ಕಟ್ಟಿ ಕಾದಿಸಿ ನೋಡಬಹುದು. ನಾವಿಬ್ಬರೂ ಹಾಗೆಯೇ ಪರೀಕ್ಷಿಸಿದೆವು. ದಿನಕ್ಕೆ ಒಂದು ಗಂಟೆ, ಸೋತ ಆಟವನ್ನು ಹಾಳೆಯಲ್ಲಿ ಬರೆಯದೆ ಮುಂದಿನ ಆಟವಿಲ್ಲ ಎಂಬುದು ನಾನು ಹಾಕಿದ ಕಟ್ಟಳೆ. ಎರಡನೆಯದನ್ನು ಹುಡುಗನು ಗೊಣಗುತ್ತಲೇ ಪಾಲಿಸಿದನು. ಯಂತ್ರದ ಮಾರಾಟದ ಸುದ್ದಿಯನ್ನು ಮಗಳು ಮತ್ತೆ ಎತ್ತಲಿಲ್ಲ.

ಜೂನ್ ತಿಂಗಳಿನ ಒಂದು ಭಾನುವಾರ ಸಂಜೆ ಬೆಂಗಳೂರಿನಿಂದ ದೂರವಾಣಿ ಬಂದಿತು. ಎಂಟು ಮಂದಿ ಗೆಳೆಯರ ಪಂದ್ಯದಲ್ಲಿ ಅವನು ಮೂರನೆಯವನಾದನಂತೆ. ಅಗ್ನಿಪಕ್ಷಿಯ ಗೆಳೆಯನೊಡನೆ ಆಡಿದ ಆಟವನ್ನು ಸೋತನು. ನಮ್ಮ ಗಾರ್ಚಾಂಪ್ 169ರ ಚುರುಕಿನಲ್ಲಿ ಮೊದಲೆದ್ದುದು ನಿಜ, ಬಂಡೆಗಳನ್ನು ಉರುಳಿಸಿದುದೂ ನಿಜ. ಆದರೆ ಆ ಪಟ್ಟು ಹತ್ತರಲ್ಲಿ ಒಂದು ಸಲ ಗುರಿ ತಪ್ಪುವುದುಂಟು, ಆ ಒಂದು ಸಲ ಅದೇ ಆಯಿತು. “ಅದನ್ನು ನಾವು ಲೆಕ್ಕಕ್ಕೆ ಹಾಕಿರಲಿಲ್ಲ, ತಾತ. ಹಾಳೆಯಲ್ಲಿ ಬರೆದಿಟ್ಟಿದ್ದೇನೆ” ಎಂದನು. ಅವನ ಅಜ್ಜಿಯು ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡು, ಆಮೆ ಹೇಗಿದೆ ಎಂದು ಕೇಳಿದಳು. ಮೂರನೆಯ ಸ್ಥಾನದ ಆಟದಲ್ಲಿ ಕೊನೆಗೆ ಕಣದಲ್ಲಿ ನಿಂತಿದ್ದುದು ಅದೊಂದೇ ಎಂದು ಆ ಕಡೆಯಿಂದ ಉತ್ತರ ಬಂದಿತು. ಹಾಗೆಯೇ, ರಾತ್ರಿಯ ಊಟಕ್ಕೆ ಅಮ್ಮ ಕರೆಯುತ್ತಿದ್ದಾಳೆಂದೂ.