ತೊರವಿಯ ಬಯಲಲ್ಲಿ ಸಂಗೀತದ ಊರು

ವಿಜಯಪುರಕ್ಕೆ ಬಂದವರು ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡು ಬಾದಾಮಿಯ ಹಾದಿ ಹಿಡಿಯುತ್ತಾರೆ. ತಿಕೋಟಾ, ಅಥಣಿ ಕಡೆಗೆ ಹೊರಳುವವರು ಕಡಿಮೆ. ಆ ರಸ್ತೆಯಲ್ಲಿ ಐದಾರು ಕಿಲೊಮೀಟರ್ ಹೋದರೆ ತೊರವಿ. ಊರ ಪಕ್ಕದಲ್ಲೇ ಎತ್ತರದ ಕಲ್ಲುಗೋಡೆಗಳ ನಡುವೆ ಸಂಗೀತ ಮಹಲ್ ನಿಂತಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಿಸತೊಡಗಿದ ನವರಸಪುರದಲ್ಲಿ ಕಣ್ಣಿಗೆ ಬೀಳುವಂತೆ ಉಳಿದಿರುವುದು ಇದು ಮತ್ತು ಪಕ್ಕದ ನಾರಿ ಮಹಲ್, ಅಷ್ಟೇ.

ಮುಚ್ಚಿದ ಗಿರಣಿ, ಗೋದಾಮುಗಳಿಗೆ ಸುಣ್ಣಬಣ್ಣ ಹಚ್ಚಿ ಕಲೆಯ ಕೇರಿ ಮಾಡುವುದು ಈಗ ದೊಡ್ಡ ನಗರಗಳ ರೂಢಿ. ಬೀಜಿಂಗಿನ ಹೆಸರಾಂತ 798 ಕಲಾವಲಯ ಹಿಂದೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಾಗಿತ್ತು. ಅಲ್ಲಿ ಕಾರ್ಮಿಕರು ಎದ್ದುಹೋದ ಮೇಲೆ ಕಲಾವಿದರು ಬಂದರು. ನವರಸಪುರದಲ್ಲಿ ಇಬ್ಬರೂ ಒಟ್ಟಿಗೇ ಬಂದರು. ಇದನ್ನು ಕಟ್ಟಲು 20,000 ಕಲ್ಲುಕುಟಿಗರು, ಕೂಲಿಗಳು, ಕುಶಲಕರ್ಮಿಗಳು ದುಡಿದರೆಂಬ ಅಂಕಿಯನ್ನು ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಅರಮನೆ ಎದ್ದಿತು, ಅಂಗಡಿಗಳ ಬೀದಿ ಹಾಸಿಕೊಂಡಿತು, ಗಾಯಕರಿಗೆ, ವಾದಕರಿಗೆ ಮನೆಗಳಾದವು. ಸುಲ್ತಾನ ತನ್ನ ಸಂಗೀತಗಾರರನ್ನು ಹುಜೂರಿ, ದರ್ಬಾರಿ, ಶಹರಿ ಎಂದು ಮೂರು ದರ್ಜೆ ಮಾಡಿದ್ದ. ಶಹರಿ ಎಂಬ ದರ್ಜೆಯೇ ಇತ್ತೆಂದರೆ ಹಾಡು ಅರಮನೆಯ ಹೊಸ್ತಿಲು ದಾಟಿತ್ತೆಂದೇ ನಾನು ಓದುತ್ತೇನೆ.

ಇಬ್ರಾಹಿಂ ಬರಿಯ ಪೋಷಕನಲ್ಲ, ಸ್ವತಃ ವಾಗ್ಗೇಯಕಾರ. ದಖನಿಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನೌರಸ್’ನಲ್ಲಿ 59 ಹಾಡುಗಳಿವೆ, 17 ದ್ವಿಪದಿಗಳಿವೆ, ಹಾಡುಗಳಿಗೆಲ್ಲ ರಾಗದ ಹೆಸರುಂಟು. ಅದರಲ್ಲಿ ಅವನು ಸರಸ್ವತಿಯನ್ನು ತಾಯಿಯೆಂದು, ಗಣಪತಿಯನ್ನು ತಂದೆಯೆಂದು ಕರೆದುಕೊಳ್ಳುತ್ತಾನೆ, ಸೂಫಿ ಸಂತ ಗೇಸುದರಾಜರಿಗೆ ತಲೆಬಾಗುತ್ತಾನೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದರ ಮೇಲೂ ಹಾಡು ಕಟ್ಟಿದ. ಜನ ಅವನನ್ನು ಜಗದ್ಗುರು ಎಂದದ್ದು ಸುಮ್ಮನೆ ಅಲ್ಲ. ಅವನ ಆಸ್ಥಾನದ ಫರ್ರುಖ್ ಹುಸೇನ್ 1604ರ ಸುಮಾರಿಗೆ ವೀಣೆ ನುಡಿಸುವ ಸರಸ್ವತಿಯನ್ನು ಚಿತ್ರಿಸಿದ. ಅದೇ ಕಲಾವಿದ ಬರೆದ, ತಂತಿವಾದ್ಯ ಹಿಡಿದು ಕುಳಿತ ಇಬ್ರಾಹಿಮನ ಚಿತ್ರ ಇವತ್ತು ದೂರದ ಪ್ರಾಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ಪರ್ಷಿಯಾದಿಂದ ಬಂದ ಕವಿ ಜುಹೂರಿ ಇಲ್ಲಿ ನೆಲೆನಿಂತ. 1610ರ ಸುಮಾರಿಗೆ ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಕೂಡ ಬಂದು ಆಸ್ಥಾನ ಸೇರಿದ.

ಸಂಗೀತ ಮಹಲಿಗೆ ವಿಜಯಪುರದ ಒಳಕೋಟೆಯ ಗಗನ ಮಹಲ್ ಮಾದರಿ: ನಡುವೆ ಅಗಲವಾದ ದೊಡ್ಡ ಕಮಾನು, ಎರಡೂ ಕಡೆ ಕಿರಿದಾದ ಕಮಾನುಗಳು. ಚಾವಣಿ ಎಂದೋ ಬಿದ್ದುಹೋಗಿದೆ. ಆ ನಡುಗಮಾನಿನ ಎದುರು ನಿಂತರೆ ಇದು ವೇದಿಕೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬಯಲಿಗೇ ಏಕೆ ಹೊಸ ಊರು ಬಂತು ಎಂಬುದಕ್ಕೆ ನೆಲದಡಿಯಲ್ಲಿ ಒಂದು ಉತ್ತರವಿದೆ. ವಿಜಯಪುರಕ್ಕೆ ನೀರು ಹೋಗುತ್ತಿದ್ದುದು ತೊರವಿ ಕಡೆಯಿಂದ. ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ತೋಡಿ, ಇಳಿಜಾರಿನಲ್ಲೇ ನೀರನ್ನು ನಗರಕ್ಕೆ ಹರಿಸಿದ ಆದಿಲ್‌ಶಾಹಿ ಕಾಲದ ಕಸುಬುದಾರಿಕೆ ಅದು. ಇಲ್ಲಿನ ಸುರಂಗ ಬಾವಡಿ ಇರುವ ದಖನಿನ ಹಳೆಯ ಜಲವ್ಯವಸ್ಥೆಗಳು 2020ರ ವಿಶ್ವ ಸ್ಮಾರಕ ನಿಧಿಯ ಕಾಳಜಿ ಪಟ್ಟಿ ಸೇರಿದ್ದವು. ಹಾಡಿದವರ ಹೆಸರು ಗ್ರಂಥಗಳಲ್ಲಿ ಉಳಿಯಿತು, ಸುರಂಗ ತೋಡಿದವರದು ಉಳಿಯಲಿಲ್ಲ. ಸಂಗೀತ ಮಹಲ್ ನೋಡುವವರು ಅವರನ್ನೂ ನೆನೆಯಬೇಕು.

ಕಲೆಯ ನಂಟು ಈ ಊರಿಗೆ ಸುಲ್ತಾನನಿಂದ ಬಂದದ್ದೂ ಅಲ್ಲ. ಅವನಿಗಿಂತ ಮೊದಲೇ ಕುಮಾರ ವಾಲ್ಮೀಕಿ ಇಲ್ಲಿನ ನರಸಿಂಹನ ಅಂಕಿತದಲ್ಲಿ ಭಾಮಿನಿ ಷಟ್ಪದಿಯ ‘ತೊರವೆ ರಾಮಾಯಣ’ ಬರೆದಿದ್ದ. ನೆಲಮಟ್ಟದ ಕೆಳಗಿರುವ ಆ ನರಸಿಂಹನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕನ್ನಡ ರಾಮಾಯಣದ ನೆಲದಲ್ಲೇ ದಖನಿ ಹಾಡುಗಳ ಊರು ಎದ್ದಿತು. ಈ ಎರಡನ್ನೂ ಒಂದೇ ಮಧ್ಯಾಹ್ನ ನೋಡಬಹುದಾದ ಜಾಗ ನಾಡಿನಲ್ಲಿ ಬೇರೆ ಎಲ್ಲಿದೆ?

ನವರಸಪುರ ಬಾಳಿದ್ದು ಕಾಲು ಶತಮಾನ. ಹಳೆ ನಗರಕ್ಕೆ ಭದ್ರವಾದ ಕೋಟೆಯಿತ್ತು, ಹೊಸದರ ಗೋಡೆ ಪೂರ್ತಿಯಾಗಿರಲಿಲ್ಲ. 1624ರಲ್ಲಿ ಭಾತವಡಿ ಕದನ ಗೆದ್ದ ಅಹಮದನಗರದ ಮಲಿಕ್ ಅಂಬರ್ ವಿಜಯಪುರದ ಮೇಲೆ ಬಂದಾಗ ನವರಸಪುರ ಹಾಳಾಯಿತು. ಮೂರು ವರ್ಷಕ್ಕೆ ಇಬ್ರಾಹಿಂ ತೀರಿಕೊಂಡ. ಮಗ ಮುಹಮ್ಮದನ ಮನಸ್ಸು ಗೋಲಗುಮ್ಮಟದ ಮೇಲಿತ್ತು.

ಸರ್ಕಾರದ ನವರಸಪುರ ಉತ್ಸವ ಈ ಊರಿನ ಹೆಸರನ್ನು ಉಳಿಸಿದೆ, ಅದು ಸಣ್ಣ ಕೆಲಸವಲ್ಲ. ಆದರೆ ಸಂಗೀತದ ಊರಿಗೆ ಬೇಕಾದದ್ದು ದಿನನಿತ್ಯದ ರಿಯಾಜು. 2003ರಲ್ಲಿ ಆರಂಭವಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣ ಇದೇ ತೊರವಿಯಲ್ಲಿದೆ. ಅಲ್ಲಿನ ವಿದ್ಯಾರ್ಥಿನಿಯರಿಗೆ, ಜಿಲ್ಲೆಯ ಭಜನಾ ಮಂಡಳಿಗಳಿಗೆ, ಗೀಗೀ ಮೇಳದವರಿಗೆ, ಕವ್ವಾಲರಿಗೆ ವಾರಕ್ಕೊಂದು ಸಂಜೆಯಾದರೂ ಆ ಕಮಾನಿನ ಮುಂದೆ ಹಾಡಲು ಜಾಗ ಕೊಡಿ ಎಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ. ವಿಜಯಪುರಕ್ಕೆ ಹೋಗುವ ಓದುಗರು ಒಂದು ಸಂಜೆಯನ್ನು ತೊರವಿಗೆಂದು ತೆಗೆದಿಡಿ.