ಕಿವಿಗೆ ಕೇಳದ ನಾದ, ಕಣ್ಣಿಗೆ ಕಾಣುವ ಚಿತ್ರ

ಮನೆಯಲ್ಲಿ ಮಗಳೋ ಸೊಸೆಯೋ ಗರ್ಭಿಣಿಯಾದಳೆಂದರೆ ಇಂದು ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ‘ಸ್ಕ್ಯಾನಿಂಗ್ ಆಯಿತೇ?’ ಎಂಬುದು. ಕೋಲಾರ ಜಿಲ್ಲೆಯ ಕ್ಯಾಲನೂರಿನಂತಹ ಗ್ರಾಮಗಳವರು ಇದಕ್ಕಾಗಿ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿಬರುವುದುಂಟು. ಆದರೆ ಆ ಯಂತ್ರದ ಬಗೆಗೆ ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಗಳಿವೆ. ಯಾವುದೋ ಕಿರಣ ತಾಗಿ ಮಗುವಿಗೆ ಕೇಡಾದೀತೆಂಬ ಭಯ ಒಂದು. ಒಮ್ಮೆ ಸ್ಕ್ಯಾನ್ ಮಾಡಿಸಿದರೆ ದೇಹದೊಳಗಿನ ಸಕಲವೂ ತಿಳಿದುಬಿಡುತ್ತದೆಂಬ ಭ್ರಮೆ ಇನ್ನೊಂದು. ಯಂತ್ರದ ಮೂಲತತ್ತ್ವವನ್ನು ಅರಿತರೆ ಇವೆರಡೂ ತಾವಾಗಿಯೇ ಕರಗುತ್ತವೆ.

ಕಿರಣವಲ್ಲ, ಧ್ವನಿ

ಅಲ್ಟ್ರಾಸೌಂಡ್ ಎಂದರೆ ಶ್ರವಣಾತೀತ ಧ್ವನಿ. ಎಕ್ಸ್-ರೇಗೂ ಇದಕ್ಕೂ ಸಂಬಂಧವಿಲ್ಲ. ಅಂತರಗಂಗೆಯ ಬೆಟ್ಟದ ತಪ್ಪಲಿನಲ್ಲಿ ನಿಂತು ದೂರದ ಬಂಡೆಯೊಂದರ ಕಡೆಗೆ ಕೂಗಿದೆವೆನ್ನಿ. ಒಂದು ಸೆಕೆಂಡಿನ ಬಳಿಕ ಪ್ರತಿಧ್ವನಿ ಕೇಳಿತು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಇದು ಹೋಗಿಬಂದ ದಾರಿಯಾದುದರಿಂದ ಬಂಡೆಯ ದೂರ ಅದರ ಅರ್ಧ, ಎಂದರೆ 170 ಮೀಟರು. ಸ್ಕ್ಯಾನಿಂಗ್ ಯಂತ್ರ ಮಾಡುವ ಲೆಕ್ಕವೂ ಇದೇ.

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳ ಧ್ವನಿ. ಸ್ಕ್ಯಾನಿಂಗಿಗೆ ಬಳಸುವುದು ಸಾಮಾನ್ಯವಾಗಿ 20 ಲಕ್ಷದಿಂದ 1.5 ಕೋಟಿ ಕಂಪನಗಳದು. ದೇಹದ ಮೃದು ಭಾಗಗಳಲ್ಲಿ ಇದು ಸೆಕೆಂಡಿಗೆ ಸುಮಾರು 1,540 ಮೀಟರು ವೇಗದಲ್ಲಿ ಸಾಗುತ್ತದೆ. ಒಂದು ಸೆಂಟಿಮೀಟರು ಆಳದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಭಾಗ ಸಾಕು. ಅಂಗಾಂಶದ ಗುಣ ಬದಲಾಗುವ ಪ್ರತಿಯೊಂದು ಗಡಿಯಲ್ಲಿಯೂ ಧ್ವನಿಯ ಒಂದಂಶ ಹಿಂತಿರುಗುತ್ತದೆ, ಉಳಿದದ್ದು ಮುಂದೆ ಸಾಗುತ್ತದೆ. ಬಂದ ಕಾಲದಿಂದ ಆಳವನ್ನೂ, ಬಂದ ಬಲದಿಂದ ಹೊಳಪನ್ನೂ ಗಣಿಸಿ ಯಂತ್ರವು ತೆರೆಯ ಮೇಲೆ ಚುಕ್ಕೆಗಳನ್ನಿಡುತ್ತದೆ. ಗರ್ಭದ ನೀರು ಪ್ರತಿಧ್ವನಿ ಕೊಡದ ಕಾರಣ ಕಪ್ಪಾಗಿ ಕಾಣುತ್ತದೆ. ಪಿತ್ತಕೋಶದ ಕಲ್ಲು ಬೆಳ್ಳಗೆ ಹೊಳೆದು, ತನ್ನ ಹಿಂದೆ ಕಪ್ಪು ನೆರಳನ್ನು ಬೀರುತ್ತದೆ.

ಪ್ರೋಬಿನ ಒಳಗುಟ್ಟು

ವೈದ್ಯರು ಹೊಟ್ಟೆಯ ಮೇಲೆ ಆಡಿಸುವ ಉಪಕರಣವೇ ಟ್ರಾನ್ಸ್‌ಡ್ಯೂಸರ್. ಆಸ್ಪತ್ರೆಯ ಆಡುಮಾತಿನಲ್ಲಿ ಪ್ರೋಬ್. ಅದೇ ಬಾಯಿ, ಅದೇ ಕಿವಿ. ಫ್ರಾನ್ಸಿನ ಕ್ಯೂರಿ ಸಹೋದರರು, ಜಾಕ್ ಮತ್ತು ಪಿಯರ್, 1880ರಲ್ಲಿ ಬೆಣಚುಕಲ್ಲಿನಂತಹ ಕೆಲವು ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವುದನ್ನು ಕಂಡುಕೊಂಡರು. ವಿದ್ಯುತ್ತು ಹಾಯಿಸಿದರೆ ಅವು ಹಿಗ್ಗಿ ಕುಗ್ಗುತ್ತವೆಂಬುದೂ ಮರುವರ್ಷವೇ ದೃಢಪಟ್ಟಿತು. ಇದೇ ಪೀಜೋವಿದ್ಯುತ್ ಪರಿಣಾಮ. ಇಂದಿನ ಪ್ರೋಬುಗಳಲ್ಲಿ ಹೆಚ್ಚಾಗಿ ಇರುವುದು ಸೀಸ, ಜಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಂಗಾಣಿಯ ಜಾತಿಯ ವಸ್ತು. ಅದರ ಸಣ್ಣ ಸಣ್ಣ ಪಟ್ಟಿಗಳು ನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಸಾಲುಗೂಡಿರುವುದುಂಟು.

ಪೂಜೆಯ ಕಿರುಗಂಟೆಯ ದನಿ ತೀಕ್ಷ್ಣ, ದೊಡ್ಡ ಗಂಟೆಯದು ಗಂಭೀರ. ಅಂತೆಯೇ ಪಟ್ಟಿ ತೆಳುವಾದಷ್ಟೂ ಕಂಪನ ಹೆಚ್ಚು. ಬಾರಿಸಿದ ಗಂಟೆಯನ್ನು ಕೈಯಿಂದ ಹಿಡಿದರೆ ನಾದ ನಿಲ್ಲುವಂತೆ, ಪಟ್ಟಿಯ ಹಿಂಬದಿಗೆ ಅಂಟಿಸಿದ ಪದಾರ್ಥವು ಕಂಪನವನ್ನು ಬೇಗ ಅಡಗಿಸುತ್ತದೆ. ಹಾಗೆ ಅಡಗಿದರೆ ಮಾತ್ರ ಹತ್ತಿರದ ಎರಡು ಗಡಿಗಳ ಪ್ರತಿಧ್ವನಿಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಪ್ರೋಬು ಸುಮಾರು ಒಂದು ಮೈಕ್ರೋಸೆಕೆಂಡು ನುಡಿದು, 15 ಸೆಂಟಿಮೀಟರು ಆಳವನ್ನು ಅರಿಯಲು ಸುಮಾರು 200 ಮೈಕ್ರೋಸೆಕೆಂಡು ಆಲಿಸುತ್ತದೆ. ಅದರ ಕಾಯಕದಲ್ಲಿ ನುಡಿಗಿಂತ ಆಲಿಕೆಯೇ ಹೆಚ್ಚು.

ಈ ಧ್ವನಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ದ್ರವದಲ್ಲಿ ಸಾಗುವ ಶ್ರವಣಾತೀತ ಅಲೆಗಳು ತಮ್ಮನ್ನು ಹಾದುಹೋಗುವ ಬೆಳಕನ್ನು ಹೇಗೆ ಚದುರಿಸುತ್ತವೆಂಬುದನ್ನು 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ವಿವರಿಸಿದರು. ಜಗತ್ತು ಇಂದಿಗೂ ಅದನ್ನು ರಾಮನ್-ನಾಥ್ ಸಿದ್ಧಾಂತವೆಂದೇ ಕರೆಯುತ್ತದೆ. ಗರ್ಭಿಣಿಯರ ಪರೀಕ್ಷೆಗೆ ಈ ಧ್ವನಿಯನ್ನು ಬಳಸಿ ದಾರಿ ತೋರಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡ್. ಲೋಹದ ಬಿರುಕು ಹುಡುಕುವ ಯಂತ್ರದಿಂದ ಆರಂಭಿಸಿದ ಅವರ ತಂಡದ ಪ್ರಬಂಧ ಪ್ರಕಟವಾದದ್ದು 1958ರಲ್ಲಿ.

ಜೆಲ್ಲೇಕೆ? ನೀರೇಕೆ?

ಪ್ರೋಬಿಗೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿಯಿದ್ದರೂ ಧ್ವನಿಯ ನೂರರಲ್ಲಿ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲಿಂದಲೇ ಹಿಂತಿರುಗಿಬಿಡುತ್ತದೆ. ಆ ಗಾಳಿಯನ್ನು ನೂಕಲೆಂದೇ ತಣ್ಣನೆಯ ಜೆಲ್ಲನ್ನು ಬಳಿಯುವುದು. ಕೆಲವು ಪರೀಕ್ಷೆಗಳಿಗೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಬರಹೇಳುವುದೂ ಇಂತಹುದೇ ಕಾರಣಕ್ಕೆ: ತುಂಬಿದ ಮೂತ್ರಕೋಶವು ವಾಯು ತುಂಬಿದ ಕರುಳನ್ನು ಬದಿಗೆ ಸರಿಸಿ, ಧ್ವನಿಗೆ ಕಿಟಕಿಯಾಗುತ್ತದೆ.

ಕಂಪನ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ. ಆದರೆ ಧ್ವನಿ ಬೇಗ ಕುಂದಿ ಆಳಕ್ಕಿಳಿಯದು. ಆದುದರಿಂದಲೇ ಹೊಟ್ಟೆಗೆ ಕಡಿಮೆ ಕಂಪನದ ಬಾಗಿದ ಪ್ರೋಬು, ಕುತ್ತಿಗೆಯ ಥೈರಾಯ್ಡಿಗೆ ಹೆಚ್ಚು ಕಂಪನದ ನೇರ ಪ್ರೋಬು. ಮೂಳೆಯ ಹಿಂದೆ, ವಾಯುವಿನ ಹಿಂದೆ ಇರುವುದನ್ನು ಈ ಧ್ವನಿ ಕಾಣಲಾರದು. ನೋಡುವವರ ಕೈಯ ಪರಿಣತಿಯೂ ಮುಖ್ಯ. ವೈದ್ಯರು ‘ಇನ್ನೊಮ್ಮೆ ನೋಡಬೇಕು’ ಎಂದರೆ ಅದನ್ನು ಅಪಶಕುನವೆಂದು ಬಗೆಯಬೇಕಾಗಿಲ್ಲ. ಮಗು ಮಲಗಿದ ಭಂಗಿಯೂ ಚಿತ್ರವನ್ನು ಮರೆಮಾಡಬಲ್ಲದು.

ಅಭಯವೂ ಎಚ್ಚರವೂ

ಎಕ್ಸ್-ರೇಯಂತಹ ವಿಕಿರಣ ಇದರಲ್ಲಿಲ್ಲ. ವೈದ್ಯರು ಹೇಳಿದ ಸ್ಕ್ಯಾನಿಗೆ ಗರ್ಭಿಣಿಯರು ಅಂಜಬೇಕಾಗಿಲ್ಲ. ಆದರೂ ಧ್ವನಿಯ ಶಕ್ತಿಯ ಒಂದಂಶ ದೇಹದಲ್ಲಿ ಶಾಖವಾಗುತ್ತದೆ. ಆದ ಕಾರಣ ಅಗತ್ಯವಿದ್ದಾಗ, ಅಗತ್ಯವಿದ್ದಷ್ಟೇ ಹೊತ್ತು ಎಂಬುದು ವೈದ್ಯರ ನಿಯಮ; ಕೇವಲ ಕುತೂಹಲಕ್ಕಾಗಿ ಮಾಡಿಸುವುದು ಸಲ್ಲದು.

ಇನ್ನೊಂದು ಮಾತನ್ನು ಹಿರಿಯರೆಲ್ಲ ಮನಸ್ಸಿಟ್ಟು ಕೇಳಬೇಕು. ಮಗುವಿನ ಕ್ಷೇಮ ತಿಳಿಸಲು ಹುಟ್ಟಿದ ಈ ಧ್ವನಿಯೇ ಹೆಣ್ಣುಮಗುವಿಗೆ ಮುಳುವಾದದ್ದುಂಟು. ಇದನ್ನು ತಡೆಯಲು ಸಂಸತ್ತು 1994ರಲ್ಲಿ ಕಾಯಿದೆ ಮಾಡಿತು. 1996ರ ಜನವರಿ 1ರಂದು ಅದು ಜಾರಿಗೆ ಬಂದಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಭ್ರೂಣದ ಲಿಂಗವನ್ನು ಹೇಳುವುದೂ ಅಪರಾಧ, ಹೇಳಿಸಿಕೊಳ್ಳಲು ಯತ್ನಿಸುವುದೂ ಅಪರಾಧ. ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದ ಮಗಳನ್ನು ‘ಗಂಡೋ ಹೆಣ್ಣೋ’ ಎಂದು ಕೆಣಕದಿರೋಣ. ಬೆಳವಣಿಗೆ ಸರಿಯಾಗಿದೆಯೇ, ಗರ್ಭದ ನೀರು ಸಾಕಷ್ಟಿದೆಯೇ, ಮತ್ತೆ ಯಾವಾಗ ಬರಬೇಕು ಎಂಬಿಷ್ಟನ್ನು ವೈದ್ಯರಿಂದ ಕೇಳಿ ತಿಳಿದುಕೊಂಡು, ತಾಯಿಯಾಗುವವಳಿಗೆ ಧೈರ್ಯ ಹೇಳಿ ಮನೆಗೆ ಕರೆತರೋಣ.